ಬಾಯಲ್ಲಿ ಮರಿ ಹೊರುವ ಹಳದಿ ಸಿಕ್ಲಿಡ್: ಮನೆಯ ಅಕ್ವೇರಿಯಂನಲ್ಲಿ ಮರಿ ಮಾಡಿಸುವ ಕ್ರಮ

ಕೆರೆಯಲ್ಲಿ ಬಲೆಗೆ ಬಿದ್ದ ಜಿಲೇಬಿ ಮೀನಿನ ಬಾಯಿಂದ ಹಳದಿ ಕಾಳುಗಳಂತಹ ಮೊಟ್ಟೆಗಳು ಉದುರುವುದನ್ನು ನಮ್ಮ ಕಡೆ ಮೀನು ಹಿಡಿಯುವವರು ಕಂಡೇ ಇರುತ್ತಾರೆ. ಅವು ತಾಯಿ ನುಂಗಿದ ಆಹಾರವಲ್ಲ, ಅದರದ್ದೇ ಸಂತಾನ. ಮೊಟ್ಟೆಯಿಟ್ಟ ಕೂಡಲೇ ಅವನ್ನು ಬಾಯೊಳಗೆ ತುಂಬಿಕೊಂಡು, ಮರಿಗಳು ತಾವಾಗಿ ಈಜುವವರೆಗೆ ಅಲ್ಲಿಯೇ ಇಟ್ಟುಕೊಂಡು ಕಾಪಾಡುವ ಪದ್ಧತಿ ಸಿಕ್ಲಿಡ್ ಕುಟುಂಬದ ಅನೇಕ ಜಾತಿಗಳಲ್ಲಿದೆ. 1952ರಲ್ಲಿ ಭಾರತಕ್ಕೆ ತಂದ ಮೊಜಾಂಬಿಕ್ ತಿಲಾಪಿಯಾ, ಅಂದರೆ ನಮ್ಮ ಜಿಲೇಬಿ, ಅವುಗಳಲ್ಲೊಂದು. ಹಾಗೆಂದು ಎಲ್ಲ ಸಿಕ್ಲಿಡ್‌ಗಳೂ ಹೀಗಲ್ಲ. ಮುಖ್ಯವಾಗಿ ದಕ್ಷಿಣ ಕನ್ನಡದ ನದಿಗಳಲ್ಲಿ ಕಾಣುವ, ಕೆನರಾ ಸೀಮೆಯ ಹೆಸರನ್ನೇ ಹೊತ್ತ ಎಟ್ರೋಪ್ಲಸ್ ಕೆನರೆನ್ಸಿಸ್ ಮೊಟ್ಟೆಗಳನ್ನು ಕಲ್ಲು ಮುಂತಾದವುಗಳಿಗೆ ಅಂಟಿಸಿ ಹೊರಗಿನಿಂದಲೇ ಕಾಯುವ ಬಗೆಯದು. ಈ ಲೇಖನ ಮೊದಲ ಬಗೆಯ ಮೀನುಗಳ ಕುರಿತದ್ದು. ಅದರಲ್ಲಿಯೂ ಆಫ್ರಿಕದ ಮಲಾವಿ ಸರೋವರದಿಂದ ಬಂದು, ಇಂದು ನಮ್ಮ ಅಕ್ವೇರಿಯಂ ಅಂಗಡಿಗಳಲ್ಲಿ 'ಎಲ್ಲೋ ಲ್ಯಾಬ್' ಎಂಬ ಹೆಸರಿನಲ್ಲಿ ಸಿಗುವ ಹಳದಿ ಮೀನನ್ನು ಮನೆಯಲ್ಲಿ ಮರಿ ಮಾಡಿಸುವ ಬಗೆಯನ್ನು ಹಂತ ಹಂತವಾಗಿ ಹೇಳುವಂಥದ್ದು.

ಈ ಮೀನಿನ ಶಾಸ್ತ್ರೀಯ ಹೆಸರು ಲ್ಯಾಬಿಡೋಕ್ರೋಮಿಸ್ ಸೆರೂಲಿಯಸ್. 1956ರಲ್ಲಿ ಜೆಫ್ರಿ ಫ್ರೈಯರ್ ಇದನ್ನು ಮೊದಲು ವರ್ಣಿಸಿದಾಗ ಕೊಟ್ಟ 'ಸೆರೂಲಿಯಸ್' ಎಂಬ ಪದಕ್ಕೆ ನೀಲಿ ಎಂದು ಅರ್ಥ. ಸರೋವರದಲ್ಲಿ ಈ ಜಾತಿಯ ಬಹುತೇಕ ಮೀನುಗಳು ಬಿಳಿ ಅಥವಾ ತಿಳಿನೀಲಿ ಛಾಯೆಯವು. ನಾವು ಸಾಕುವ ಅಚ್ಚ ಹಳದಿ ಬಣ್ಣದವು ಪಶ್ಚಿಮ ದಡದ ಲಯನ್ಸ್ ಕೋವ್ ಸುತ್ತಲಿನ ಚಿಕ್ಕ ಪ್ರದೇಶದ ಪೀಳಿಗೆಯವು. ಬಂಡೆಗಳ ಸಂದಿಗಳಲ್ಲಿ ಬಾಳುವ, 'ಎಂಬೂನಾ' ಎಂದು ಕರೆಯಲಾಗುವ ಮಲಾವಿ ಮೀನುಗಳ ಗುಂಪಿನಲ್ಲಿ ಇದು ಹೆಚ್ಚು ಜಗಳವಾಡದ ಮೀನು. ಮೊದಲ ಸಲ ಮರಿ ಮಾಡಿಸಲು ಹೊರಟವರಿಗೆ ನಾನು ಯಾವಾಗಲೂ ಇದನ್ನೇ ಸೂಚಿಸುವುದು ಆ ಕಾರಣಕ್ಕೆ.

ಆರಂಭದಲ್ಲಿಯೇ ಒಂದು ಮಾತನ್ನು ಮನಸ್ಸಿನಲ್ಲಿ ಇರಿಸಿಕೊಳ್ಳಬೇಕು. ಬಾಯಲ್ಲಿ ಮೊಟ್ಟೆ ತುಂಬಿಕೊಂಡ ತಾಯಿ ಸುಮಾರು ಮೂರು ವಾರ ಏನನ್ನೂ ತಿನ್ನುವುದಿಲ್ಲ, ಅಥವಾ ಹೆಸರಿಗಷ್ಟೇ ತಿನ್ನುತ್ತದೆ. ನೀರು ಬದಲಿಸುವುದು, ಬಲೆ ಹಾಕುವುದು, ಬೇರೆ ಟ್ಯಾಂಕಿಗೆ ಸಾಗಿಸುವುದು, ಹೀಗೆ ಮುಂದೆ ನಾವು ಮಾಡುವ ಪ್ರತಿಯೊಂದು ಕೆಲಸವನ್ನೂ ಉಪವಾಸವಿರುವ ಒಂದು ಜೀವದ ಮೇಲೆ ಮಾಡುತ್ತಿದ್ದೇವೆ ಎಂಬ ಎಚ್ಚರದಿಂದ ಮಾಡಬೇಕು. ಅವಸರದ ಕೈಗೆ ಈ ಮೀನು ಒಲಿಯುವುದಿಲ್ಲ.

ಮೀನಿನ ಆಯ್ಕೆ

ಗಂಡು ಹೆಣ್ಣಿನ ಒಂದು ಜೋಡಿಯನ್ನು ಕೊಂಡು ತರುವುದು ಹೊಸಬರು ಮಾಡುವ ಮೊದಲ ತಪ್ಪು. ಈ ಮೀನುಗಳು ಜೋಡಿಯಾಗಿ ಬಾಳುವುದಿಲ್ಲ. ಒಂದೇ ಹೆಣ್ಣಿದ್ದರೆ ಗಂಡು ಬಿಡುವಿಲ್ಲದೆ ಅದರ ಬೆನ್ನಟ್ಟಿ ದಣಿಸುತ್ತದೆ. ಒಂದು ಗಂಡಿಗೆ ಕನಿಷ್ಠ ಮೂರು ಹೆಣ್ಣುಗಳಿರಬೇಕು, ನಾಲ್ಕಿದ್ದರೆ ಇನ್ನೂ ಒಳ್ಳೆಯದು. ಆದರೆ ಎಲ್ಲೋ ಲ್ಯಾಬ್‌ನಲ್ಲಿ ಗಂಡು ಹೆಣ್ಣನ್ನು ಬಣ್ಣ ನೋಡಿ ನಿಶ್ಚಯವಾಗಿ ಹೇಳುವುದು ಕಷ್ಟ. ಬೆಳೆದ ಗಂಡಿನ ಹೊಟ್ಟೆಯ ರೆಕ್ಕೆಗಳು ಮತ್ತು ಗುದದ ರೆಕ್ಕೆ ಕಡುಕಪ್ಪಾಗಿರುತ್ತವೆ, ಮುಖದ ಮೇಲೆ ಹೊಗೆ ಹಿಡಿದಂತಹ ಛಾಯೆ ಬರುತ್ತದೆ. ಆದರೆ ಗುಂಪಿನಲ್ಲಿ ಮೇಲುಗೈ ಸಾಧಿಸಿದ ಹೆಣ್ಣೂ ಕೆಲವೊಮ್ಮೆ ಹಾಗೆಯೇ ಕಾಣಿಸುತ್ತದೆ. ಆದ್ದರಿಂದ ಮೂರು ನಾಲ್ಕು ಸೆಂಟಿಮೀಟರ್ ಉದ್ದದ ಎಂಟು ಹತ್ತು ಮರಿಗಳನ್ನು ಒಟ್ಟಿಗೆ ತಂದು, ಆರೆಂಟು ತಿಂಗಳು ಬೆಳೆಸಿ, ಗುಂಪು ತಾನಾಗಿ ತನ್ನ ಕ್ರಮವನ್ನು ಕಂಡುಕೊಂಡ ಮೇಲೆ ಹೆಚ್ಚುವರಿ ಗಂಡುಗಳನ್ನು ಬೇರೆಯವರಿಗೆ ಕೊಡುವುದೇ ಸರಿಯಾದ ದಾರಿ.

ತಳಿಯ ಶುದ್ಧತೆಯ ಬಗ್ಗೆ ನಾನು ಸ್ವಲ್ಪ ಹೆಚ್ಚು ಹೇಳಬೇಕಾಗಿದೆ, ಏಕೆಂದರೆ ಇಲ್ಲಿ ಆದ ತಪ್ಪನ್ನು ಮುಂದೆ ತಿದ್ದಲಾಗುವುದಿಲ್ಲ. ಮಲಾವಿಯ ಎಂಬೂನಾ ಜಾತಿಗಳು ಬೇರೆ ಬೇರೆಯಾಗಿದ್ದರೂ ಒಂದೇ ಟ್ಯಾಂಕಿನಲ್ಲಿ ಕೂಡಿಹಾಕಿದಾಗ ಪರಸ್ಪರ ಬೆರೆಯುತ್ತವೆ. ಹುಟ್ಟುವ ಮಿಶ್ರತಳಿಗಳು ಬಂಜೆಯಾಗಿರದೆ ಮುಂದೆಯೂ ಮರಿ ಮಾಡುತ್ತವೆ. ಎಲ್ಲೋ ಲ್ಯಾಬ್ ಮತ್ತು ಕಿತ್ತಳೆ ಬಣ್ಣದ ರೆಡ್ ಝೀಬ್ರಾ ಎಂಬ ಇನ್ನೊಂದು ಎಂಬೂನಾ ಬೆರೆತು ಹುಟ್ಟಿದ ಮೀನುಗಳು ಮಾರುಕಟ್ಟೆಯಲ್ಲಿ ಎಷ್ಟು ಹರಡಿವೆಯೆಂದರೆ, ನಾನು ಮೊದಲು ತಂದ ಗುಂಪಿನಲ್ಲಿಯೇ ಮೂರು ಅಂಥವು ಇದ್ದವು. ಅದು ನನಗೆ ತಿಳಿದದ್ದು ಅವುಗಳ ಮೊಮ್ಮಕ್ಕಳ ಬಣ್ಣ ಕೆಟ್ಟಾಗ. ಶುದ್ಧ ಮೀನಿನ ಬೆನ್ನಿನ ರೆಕ್ಕೆಯ ಉದ್ದಕ್ಕೂ ಸ್ಪಷ್ಟವಾದ ಕಪ್ಪು ಪಟ್ಟಿಯಿರುತ್ತದೆ, ಮೈಮೇಲೆ ಅಡ್ಡಗೆರೆಗಳಿರುವುದಿಲ್ಲ, ಹಳದಿಯಲ್ಲಿ ಕಿತ್ತಳೆಯ ಬೆರಕೆ ಕಾಣುವುದಿಲ್ಲ. ಬೆನ್ನಿನ ಪಟ್ಟಿ ಮಾಸಿದ್ದರೆ ಅಥವಾ ಮೈಯಲ್ಲಿ ಮಸುಕು ಗೆರೆಗಳು ತೋರಿದರೆ ಆ ಮೀನು ಎಷ್ಟೇ ಚೆಂದವಿದ್ದರೂ ಮರಿ ಮಾಡಿಸಲು ಬೇಡ. ಮರಿ ಮಾಡಿಸುವ ಟ್ಯಾಂಕಿನಲ್ಲಿ ಬೇರಾವ ಎಂಬೂನಾ ಜಾತಿಯನ್ನೂ ಇಡದಿರುವುದು ಇನ್ನೂ ಒಳ್ಳೆಯದು.

ಟ್ಯಾಂಕು ಮತ್ತು ನೀರು

ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಟ್ಯಾಂಕಿನಲ್ಲಿ ಕಲ್ಲುಗಳನ್ನು ಜೋಡಿಸಿದ ಮೇಲೆ ಸುಮಾರು 200 ಲೀಟರ್ ನೀರು ಹಿಡಿಯುತ್ತದೆ. ಒಂದು ಗುಂಪಿಗೆ ಇದು ಸಾಕು. ಕಲ್ಲು, ಗಾಜು, ನೀರು ಸೇರಿ 300 ಕಿಲೋಗ್ರಾಂ ಮೀರುವುದರಿಂದ ಸ್ಟ್ಯಾಂಡು ಗಟ್ಟಿಯಾಗಿರಬೇಕು, ತಳಕ್ಕೆ ಥರ್ಮೋಕೋಲ್ ಹಾಳೆ ಹಾಸಬೇಕು. ಕಲ್ಲುಗಳನ್ನು ಮರಳಿನ ಮೇಲೆ ಇಡದೆ ನೇರವಾಗಿ ತಳದ ಗಾಜಿನ ಮೇಲೆ ಕೂರಿಸಿ ಆಮೇಲೆ ಮರಳು ತುಂಬಬೇಕು. ಈ ಮೀನುಗಳು ಮರಳನ್ನು ಅಗೆಯುತ್ತವೆ, ಬುಡ ಸಡಿಲವಾದ ಕಲ್ಲು ಉರುಳಿದರೆ ಮೀನೂ ಹೋಗುತ್ತದೆ, ಗಾಜೂ ಹೋಗುತ್ತದೆ. ಸಂದಿಗಳು ಹೆಚ್ಚಿದಷ್ಟೂ ದುರ್ಬಲವಾದವು ಅಡಗಿಕೊಳ್ಳಲು ಅನುಕೂಲ.

ಮಲಾವಿ ಸರೋವರದ ನೀರು ಸ್ವಲ್ಪ ಕ್ಷಾರೀಯ, ಆಮ್ಲ-ಕ್ಷಾರಗಳ ಅಳತೆಯಾದ ಪಿಎಚ್ 7.7ರಿಂದ 8.6ರ ನಡುವೆ ಇರುತ್ತದೆ. ಬೆಂಗಳೂರು, ಕೋಲಾರ, ತುಮಕೂರಿನ ಕಡೆಯ ಗಡಸು ಬೋರ್‌ವೆಲ್ ನೀರು, ಬೇರೆ ಎಷ್ಟೋ ಮೀನುಗಳಿಗೆ ಒಗ್ಗದಿದ್ದರೂ, ಈ ಮೀನುಗಳಿಗೆ ಸಾಮಾನ್ಯವಾಗಿ ಹೇಳಿ ಮಾಡಿಸಿದಂತಿರುತ್ತದೆ. ಮಲೆನಾಡು ಮತ್ತು ಕರಾವಳಿಯ ಮುರಕಲ್ಲಿನ ನೆಲದ ಬಾವಿ ನೀರು ಇದಕ್ಕೆ ವಿರುದ್ಧ. ಅದು ಮೆದು, ಹಲವೆಡೆ ಸ್ವಲ್ಪ ಆಮ್ಲೀಯವೂ ಹೌದು. ಯಾವ ಊರಿನವರಾದರೂ ಹನಿ ಹಾಕಿ ನೋಡುವ ಟೆಸ್ಟ್ ಕಿಟ್ ಒಂದನ್ನು ಕೊಂಡು ಪಿಎಚ್ ಮತ್ತು ಅದು ಕುಸಿಯದಂತೆ ಹಿಡಿದಿಡುವ ಕಾರ್ಬೊನೇಟ್ ಗಡಸುತನವನ್ನು ಅಳೆದ ಮೇಲೆಯೇ ಮುಂದಿನ ಹೆಜ್ಜೆ ಇಡಬೇಕು. ನೀರು ಮೆದುವಾಗಿದ್ದರೆ ಅಡುಗೆ ಸೋಡಾ ಸುಲಭದ ಉಪಾಯ. 50 ಲೀಟರಿಗೆ ಆರು ಗ್ರಾಂ, ಅಂದರೆ ಸುಮಾರು ಒಂದು ಟೀ ಚಮಚ ಸೋಡಾ ಕಾರ್ಬೊನೇಟ್ ಗಡಸುತನವನ್ನು ನಾಲ್ಕು ಡಿಗ್ರಿಯಷ್ಟು ಏರಿಸುತ್ತದೆ. ಅದನ್ನು ಬಕೆಟ್ಟಿನಲ್ಲಿ ಕರಗಿಸಿ, ಎರಡು ಮೂರು ದಿನಗಳಲ್ಲಿ ಹಂಚಿ ಹಾಕಬೇಕು.

ನಿಧಾನವಾಗಿ ಕರಗಿ ನೀರನ್ನು ಸ್ಥಿರವಾಗಿಡಲು ಫಿಲ್ಟರಿನಲ್ಲಿ ಹವಳದ ಚೂರು ಹಾಕುವ ಸಲಹೆ ಎಲ್ಲೆಡೆ ಸಿಗುತ್ತದೆ. ಹವಳಗಳಿಗೆ ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ, ಅದರ ಅಗತ್ಯವೂ ನಮಗಿಲ್ಲ. ಚೆನ್ನಾಗಿ ತೊಳೆದು ಒಣಗಿಸಿದ ಚಿಪ್ಪಿನ ಚೂರುಗಳು ಅಥವಾ ಸುಣ್ಣದ ಕಲ್ಲಿನ ತುಂಡುಗಳು ಅದೇ ಕೆಲಸವನ್ನು ಮಾಡುತ್ತವೆ. ಕಲ್ಲಿನ ಮೇಲೆ ನಾಲ್ಕು ಹನಿ ನಿಂಬೆರಸ ಬಿಟ್ಟಾಗ ನೊರೆಯಂತೆ ಗುಳ್ಳೆ ಬಂದರೆ ಅದರಲ್ಲಿ ಸುಣ್ಣದ ಅಂಶವಿದೆ ಎಂದು ತಿಳಿಯಬಹುದು. ಆದರೆ ಒಂದು ಎಚ್ಚರಿಕೆಯನ್ನು ಒತ್ತಿ ಹೇಳುತ್ತೇನೆ. ಎಲೆ ಅಡಿಕೆಗೆ ಹಚ್ಚುವ ಸುಣ್ಣ, ಗೋಡೆಗೆ ಬಳಿಯುವ ಸುಣ್ಣ, ಗೂಡಿನಲ್ಲಿ ಸುಟ್ಟ ಚಿಪ್ಪುಸುಣ್ಣ, ಇವುಗಳಲ್ಲಿ ಯಾವುದನ್ನೂ ಟ್ಯಾಂಕಿನ ಬಳಿಗೆ ತರಬಾರದು. ಸುಡದ ಚಿಪ್ಪು ಮೀನಿಗೆ ಹಿತ. ಸುಟ್ಟ ಸುಣ್ಣ ನೀರಿನ ಪಿಎಚ್ ಅನ್ನು ಒಮ್ಮೆಲೇ ಏರಿಸಿ ಕಿವಿರುಗಳನ್ನು ಸುಟ್ಟುಹಾಕುತ್ತದೆ.

ಕ್ಷಾರೀಯ ನೀರಿನಲ್ಲಿ ಇನ್ನೊಂದು ಅಪಾಯವಿದೆ. ಮೀನಿನ ತ್ಯಾಜ್ಯದಿಂದ ಹುಟ್ಟುವ ಅಮೋನಿಯಾದ ವಿಷಕಾರಿ ಭಾಗ ಪಿಎಚ್ 7ರಲ್ಲಿ ಇರುವುದಕ್ಕಿಂತ 8.2ರಲ್ಲಿ ಹತ್ತು ಪಟ್ಟಿಗೂ ಮೀರಿ ಹೆಚ್ಚುತ್ತದೆ. ಆದ್ದರಿಂದ ಹೊಸ ಟ್ಯಾಂಕಿನ ಫಿಲ್ಟರಿನಲ್ಲಿ ಉಪಕಾರಿ ಬ್ಯಾಕ್ಟೀರಿಯಾ ನೆಲೆಗೊಳ್ಳುವವರೆಗೆ, ಅಂದರೆ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ, ಮೀನುಗಳನ್ನು ಬಿಡಬಾರದು. ಅಮೋನಿಯಾ ಮತ್ತು ಅದರಿಂದಾಗುವ ನೈಟ್ರೈಟ್ ಎರಡೂ ಸೊನ್ನೆ ತೋರಿದ ಮೇಲೆಯೇ ಬಿಡಬೇಕು. ವಾರಕ್ಕೊಮ್ಮೆ ನಾಲ್ಕನೆಯ ಒಂದು ಭಾಗ ನೀರು ಬದಲಿಸಬೇಕು. ನಲ್ಲಿ ನೀರಾದರೆ ಕ್ಲೋರಿನ್ ನಿವಾರಕ ಹಾಕಿಯೇ ಬಳಸಬೇಕು.

ಉಷ್ಣತೆ 25ರಿಂದ 27 ಡಿಗ್ರಿ ಸೆಲ್ಸಿಯಸ್ ಇರಲಿ. ಬೆಂಗಳೂರಿನ ಡಿಸೆಂಬರ್ ರಾತ್ರಿಗಳಲ್ಲಿ ಹೀಟರ್ ಬೇಕಾಗುತ್ತದೆ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಸಮಸ್ಯೆ ತಿರುಗುಮುರುಗು. ನೀರು ಕಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ, ಆದ್ದರಿಂದ ಮುಚ್ಚಳ ತೆಗೆದು ನೀರಿನ ಮೇಲ್ಮೈಗೆ ಫ್ಯಾನ್ ಗಾಳಿ ಬೀಸುವಂತೆ ಮಾಡಿ ಏರ್ ಪಂಪನ್ನು ಹೆಚ್ಚಿಸಬೇಕು. ಆ ಕಾಲದಲ್ಲಿ ಮರಿ ಮಾಡಿಸುವ ಪ್ರಯತ್ನವನ್ನೇ ಮುಂದೂಡುವುದು ಇನ್ನೂ ವಿವೇಕದ ಕೆಲಸ.

ಆಹಾರದಿಂದ ಸಿದ್ಧತೆ

ಮುಂದೆ ಮೂರು ವಾರ ಉಪವಾಸವಿರಬೇಕಾದ ಮೀನಿಗೆ ಮೊದಲೇ ಮೈಯಲ್ಲಿ ಶಕ್ತಿ ಇರಬೇಕು. ಸ್ಪಿರುಲಿನಾ ಎಂಬ ಪಾಚಿ ಸೇರಿದ ಒಳ್ಳೆಯ ಕಾಳು ಆಹಾರವನ್ನು (ಪೆಲೆಟ್) ದಿನಕ್ಕೆರಡು ಬಾರಿ, ಒಂದೆರಡು ನಿಮಿಷದಲ್ಲಿ ಮುಗಿಯುವಷ್ಟು ಕೊಡಬೇಕು. ವಾರಕ್ಕೆರಡು ದಿನ ಕುದಿನೀರಿನಲ್ಲಿ ಅದ್ದಿ ಮೆತ್ತಗೆ ಮಾಡಿದ ಪಾಲಕ್ ಎಲೆ ಅಥವಾ ಸಿಪ್ಪೆ ಸುಲಿದ ಹಸಿ ಬಟಾಣಿ ಕೊಡಬಹುದು. ಎಲ್ಲೋ ಲ್ಯಾಬ್ ಸರೋವರದಲ್ಲಿ ಹುಳುಗಳನ್ನೂ ಹೆಕ್ಕಿ ತಿನ್ನುವ ಮೀನಾದ್ದರಿಂದ ಆಗಾಗ ಸ್ವಲ್ಪ ಆರ್ಟೀಮಿಯಾ ಎಂಬ ಉಪ್ಪುನೀರಿನ ಚಿಕ್ಕ ಸಿಗಡಿಯಂಥ ಜೀವಿಗಳನ್ನು ಕೊಟ್ಟರೆ ತೊಂದರೆಯಿಲ್ಲ. ಮಾಂಸದ ತುಂಡುಗಳನ್ನು ಮಾತ್ರ ಕೊಡಬಾರದು. ಹೊಟ್ಟೆ ಉಬ್ಬರಿಸುವ ರೋಗ ಮಲಾವಿ ಮೀನುಗಳನ್ನು ಬಹಳ ಬೇಗ ಬಲಿ ತೆಗೆದುಕೊಳ್ಳುತ್ತದೆ.

ಕೂಡುವಿಕೆಯ ದಿನ

ಐದಾರು ಸೆಂಟಿಮೀಟರ್ ಬೆಳೆದ, ಚೆನ್ನಾಗಿ ತಿಂದುಂಡ ಗುಂಪಿನಲ್ಲಿ ಮರಿ ಮಾಡಿಸಲು ನಾವು ಬೇರೆ ಏನೂ ಮಾಡಬೇಕಾಗಿಲ್ಲ. ಗಂಡು ಒಂದು ಕಲ್ಲಿನ ಪಕ್ಕದ ಮರಳನ್ನು ಬಾಯಲ್ಲಿ ಎತ್ತಿ ಎತ್ತಿ ಹಾಕಿ ಗುಳಿ ಮಾಡುತ್ತದೆ. ಅದರ ಹಳದಿ ಗಾಢವಾಗಿ, ರೆಕ್ಕೆಯ ಕಪ್ಪು ಹೊಳೆಯತೊಡಗುತ್ತದೆ. ಹೆಣ್ಣು ಹತ್ತಿರ ಬಂದಾಗ ಅದು ಮೈಯನ್ನು ಬಿಲ್ಲಿನಂತೆ ಬಾಗಿಸಿ ನಡುಗುತ್ತದೆ. ಒಪ್ಪಿದ ಹೆಣ್ಣು ಗುಳಿಗೆ ಇಳಿದು ಗಂಡಿನೊಂದಿಗೆ ಸುತ್ತತೊಡಗುತ್ತದೆ. ಒಂದೊಂದು ಸುತ್ತಿಗೆ ಒಂದೆರಡು ಮೊಟ್ಟೆಯಿಟ್ಟು, ಹಿಂತಿರುಗಿ, ತಡಮಾಡದೆ ಅವನ್ನು ಬಾಯೊಳಗೆ ತೆಗೆದುಕೊಳ್ಳುತ್ತದೆ. ಸಾಸಿವೆಗಿಂತ ದೊಡ್ಡದಾದ, ತೊಗರಿಗಿಂತ ಚಿಕ್ಕದಾದ, ಹಳದಿಗೆಂಪು ಕಾಳುಗಳಂತಹ ಮೊಟ್ಟೆಗಳು ಅವು.

ಗಂಡಿನ ಗುದದ ರೆಕ್ಕೆಯ ಮೇಲೆ ಅಂಥದ್ದೇ ಬಣ್ಣದ ದುಂಡು ಚುಕ್ಕೆಗಳಿರುತ್ತವೆ. ಹೆಣ್ಣು ಅವನ್ನೂ ಮೊಟ್ಟೆಗಳೆಂದು ಭಾವಿಸಿ ಬಾಯಿ ಚಾಚುತ್ತದೆ. ಆಗ ಗಂಡು ಬಿಡುವ ವೀರ್ಯ ಅದರ ಬಾಯೊಳಗೆ ಸೇರಿ ಮೊಟ್ಟೆಗಳು ಫಲಿತವಾಗುತ್ತವೆ ಎಂದು ಪ್ರಾಣಿಗಳ ವರ್ತನೆಯನ್ನು ಅಧ್ಯಯನ ಮಾಡುತ್ತಿದ್ದ ವೋಲ್ಫ್‌ಗಾಂಗ್ ವಿಕ್ಲರ್ 1962ರಲ್ಲಿ ವಿವರಿಸಿದರು. ಇದನ್ನು ಕಣ್ಣಾರೆ ಕಾಣುವ ಅವಕಾಶ ಸಿಕ್ಕರೆ ಟ್ಯಾಂಕಿನಿಂದ ದೂರ ಕುಳಿತು, ದೀಪ ಬದಲಿಸದೆ, ಸದ್ದು ಮಾಡದೆ ನೋಡಬೇಕು. ಮುಗಿದ ಕೂಡಲೇ ದಿನಾಂಕವನ್ನೂ ಹೆಣ್ಣಿನ ಗುರುತನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಬೇಕು. ಮುಂದಿನ ಎಲ್ಲ ಲೆಕ್ಕವೂ ಈ ದಿನಾಂಕದ ಮೇಲೆ ನಿಂತಿದೆ.

ಹೆಚ್ಚಿನ ಬಾರಿ ಇದು ನಮ್ಮ ಕಣ್ಣಿಗೆ ಬೀಳುವುದಿಲ್ಲ. ಮರುದಿನ ಆಹಾರ ಹಾಕಿದಾಗ ಒಂದು ಹೆಣ್ಣು ಹಿಂದೆ ನಿಂತಿರುವುದು ಕಾಣುತ್ತದೆ. ಕಾಳು ಮೂಗಿನ ಮುಂದೆ ಹಾದುಹೋದರೂ ಬಾಯಿ ತೆರೆಯುವುದಿಲ್ಲ. ಕೆಳದವಡೆಯ ಅಡಿಯ ಚರ್ಮ ಚೀಲದಂತೆ ಇಳಿಬಿದ್ದಿರುತ್ತದೆ. ಆಗಾಗ ಏನನ್ನೋ ಅಗಿಯುವಂತೆ ದವಡೆ ಆಡಿಸುತ್ತದೆ. ಮೊಟ್ಟೆಗಳನ್ನು ಬಾಯೊಳಗೇ ಹೊರಳಿಸಿ ಹೊಸ ನೀರು ತಗಲುವಂತೆ ಮಾಡುವ ಕ್ರಿಯೆ ಅದು. ಹೊರಳಿಸದ ಮೊಟ್ಟೆಗಳಿಗೆ ಬೂಷ್ಟು ಹಿಡಿಯುತ್ತದೆ.

ಹೊತ್ತ ತಾಯಿಯ ಮೂರು ವಾರ

ಮೊದಲ ಬಾರಿಗೆ ಹೊರುವ ತಾಯಿಯರು ನಾಲ್ಕೈದು ದಿನಗಳಲ್ಲಿ ಮೊಟ್ಟೆಗಳನ್ನು ಉಗುಳುವುದು ಅಥವಾ ನುಂಗುವುದು ಸಾಮಾನ್ಯ. ಮೊಟ್ಟೆಗಳು ಫಲಿತವಾಗದಿದ್ದರೂ ಹೀಗಾಗುತ್ತದೆ. ಇದರಿಂದ ಎದೆಗುಂದಬೇಕಾಗಿಲ್ಲ, ತಾಯಿಯನ್ನು ಬದಲಿಸಬೇಕಾಗಿಯೂ ಇಲ್ಲ. ಎರಡನೆಯ ಅಥವಾ ಮೂರನೆಯ ಬಾರಿಗೆ ಅದೇ ಹೆಣ್ಣು ಪೂರ್ಣಾವಧಿ ಹೊರುವುದನ್ನು ನಾನು ಹಲವು ಸಲ ನೋಡಿದ್ದೇನೆ.

26 ಡಿಗ್ರಿಯಲ್ಲಿ ಸುಮಾರು ಒಂದು ವಾರದೊಳಗೆ ಮೊಟ್ಟೆಗಳು ಒಡೆದು, ಹೊಟ್ಟೆಯಲ್ಲಿ ದೊಡ್ಡ ಹಳದಿ ಚೀಲ ಹೊತ್ತ ಮರಿಗಳಾಗುತ್ತವೆ. ಆ ಚೀಲದ ಪೋಷಣೆಯಿಂದಲೇ ಅವು ಬೆಳೆಯುತ್ತವೆ. ಅದು ಕರಗಿ ಮುಗಿಯುವ ಹೊತ್ತಿಗೆ, ಅಂದರೆ 18ರಿಂದ 24 ದಿನಗಳಲ್ಲಿ, ತಾಯಿ ಅವನ್ನು ಹೊರಗೆ ಬಿಡುತ್ತದೆ. ಈ ಅವಧಿಯಲ್ಲಿ, ಮುಂದೆ ಹೇಳುವ ಸಾಗಿಸುವ ರಾತ್ರಿಯ ಹೊರತು, ಟ್ಯಾಂಕಿನ ಕಲ್ಲು ಸರಿಸುವುದು, ಹೊಸ ಮೀನು ತರುವುದು, ಒಮ್ಮೆಲೇ ಬಹಳ ನೀರು ಬದಲಿಸುವುದು ಬೇಡ.

ಮುಂದೆ ಮೂರು ದಾರಿಗಳಿವೆ. ತಾಯಿಯನ್ನು ದೊಡ್ಡ ಟ್ಯಾಂಕಿನಲ್ಲಿಯೇ ಬಿಟ್ಟರೆ ಕಲ್ಲಿನ ಸಂದಿಗಳಲ್ಲಿ ಒಂದೆರಡು ಮರಿ ಉಳಿಯಬಹುದು, ಉಳಿದವನ್ನು ಇತರ ಮೀನುಗಳು ತಿನ್ನುತ್ತವೆ. ಹೆಚ್ಚು ಮರಿಗಳು ಬೇಕಿಲ್ಲದವರಿಗೆ ಇದಕ್ಕಿಂತ ನೆಮ್ಮದಿಯ ಕ್ರಮ ಬೇರೊಂದಿಲ್ಲ. ಎರಡನೆಯದು ತಾಯಿಯ ಬಾಯಿ ಬಿಡಿಸಿ ಮರಿಗಳನ್ನು ಹೊರತೆಗೆಯುವ, ಸಾಕುವವರು 'ಸ್ಟ್ರಿಪ್ಪಿಂಗ್' ಎನ್ನುವ ಕ್ರಮ. ವ್ಯಾಪಾರಕ್ಕಾಗಿ ಮರಿ ಮಾಡಿಸುವವರು ಬಹುತೇಕ ಇದನ್ನೇ ಅನುಸರಿಸುತ್ತಾರೆ, ಪಳಗಿದ ಕೈಯಲ್ಲಿ ಅದು ಕ್ಷಣದ ಕೆಲಸವೂ ಹೌದು. ಆದರೆ ಹೊಸಬರ ಕೈಯಲ್ಲಿ ತಾಯಿಯ ದವಡೆಗೆ ಪೆಟ್ಟಾಗುತ್ತದೆ, ಅವಧಿ ತುಂಬದ ಮರಿಗಳು ಸಾಯುತ್ತವೆ. ಮನೆಯಲ್ಲಿ ಸಾಕುವವರಿಗೆ ನಾನು ಇದನ್ನು ಸೂಚಿಸುವುದಿಲ್ಲ. 24 ದಿನ ಕಳೆದರೂ ಬಿಡದೆ ತಾಯಿ ತೀರಾ ಸೊರಗಿದ್ದರೆ ಮಾತ್ರ, ಒದ್ದೆ ಕೈಯಲ್ಲಿ ಮೆದುವಾಗಿ ಹಿಡಿದು, ತಲೆ ಕೆಳಗಾಗಿ ನೀರಿನ ಡಬ್ಬಿಯ ಮೇಲೆ ಬಾಗಿಸಿ, ನಯವಾದ ಪ್ಲಾಸ್ಟಿಕ್ ಕಡ್ಡಿಯಿಂದ ಕೆಳತುಟಿಯನ್ನು ಸ್ವಲ್ಪವೇ ಇಳಿಸಿ ನೀರಿಗೆ ಅದ್ದಿ ತೆಗೆದರೆ ಮರಿಗಳು ತಾವಾಗಿ ಹೊರಬರುತ್ತವೆ. ಮೂರನೆಯದು, ನಾನು ಅನುಸರಿಸುವುದು, ಅವಧಿಯ ಕೊನೆಯಲ್ಲಿ ತಾಯಿಯನ್ನು ಬೇರೆ ಟ್ಯಾಂಕಿಗೆ ಸಾಗಿಸಿ ಅದಕ್ಕೆ ತೋಚಿದಾಗ ಮರಿಗಳನ್ನು ಬಿಡಲು ಅವಕಾಶ ಕೊಡುವುದು.

ಸಾಗಿಸುವ ರಾತ್ರಿ

ಇದಕ್ಕೆ ತಯಾರಿ ಮೂರು ವಾರ ಮೊದಲೇ ಆಗಿರಬೇಕು. ಒಂದು ಸ್ಪಂಜ್ ಫಿಲ್ಟರನ್ನು ದೊಡ್ಡ ಟ್ಯಾಂಕಿನಲ್ಲಿ ಓಡುವಂತೆ ಬಿಟ್ಟಿದ್ದರೆ ಅದರಲ್ಲಿ ಬ್ಯಾಕ್ಟೀರಿಯಾ ಬೇರೂರಿರುತ್ತವೆ. 30ರಿಂದ 40 ಲೀಟರಿನ ಚಿಕ್ಕ ಟ್ಯಾಂಕಿಗೆ ದೊಡ್ಡ ಟ್ಯಾಂಕಿನ ನೀರನ್ನೇ ತುಂಬಿ, ಈ ಫಿಲ್ಟರನ್ನು ಅಲ್ಲಿಗೆ ಸ್ಥಳಾಂತರಿಸಿ, ಉಷ್ಣತೆ ಸಮನಾಗಿಸಿ, ಅಡಗಲು ಒಂದು ಮಣ್ಣಿನ ಕುಂಡ ಅಥವಾ ಪಿವಿಸಿ ಪೈಪಿನ ತುಂಡು ಇಡಬೇಕು. ಮರಳು ಬೇಡ, ತಳ ಬರಿದಾಗಿದ್ದರೆ ಮಲ, ಉಳಿದ ಆಹಾರ ಕಣ್ಣಿಗೆ ಕಾಣುತ್ತವೆ.

16ರಿಂದ 18ನೆಯ ದಿನದ ನಡುವೆ, ದೀಪ ಆರಿಸಿ ಒಂದು ಗಂಟೆಯಾದ ಮೇಲೆ ಮಂದ ಟಾರ್ಚ್ ಬೆಳಕಿನಲ್ಲಿ ಕೆಲಸ ಆರಂಭಿಸಬೇಕು. ಕತ್ತಲಲ್ಲಿ ಮೀನು ಒಂದೆಡೆ ನಿಂತಿರುತ್ತದೆ, ಓಡುವುದೂ ಕಡಿಮೆ. ಒಂದು ಬದಿಯ ಕಲ್ಲುಗಳನ್ನು ಮೆಲ್ಲನೆ ತೆಗೆದು, ಎರಡು ಬಲೆಗಳನ್ನು ಗೋಡೆಗಳಂತೆ ಹಿಡಿದು ತಾಯಿಯನ್ನು ನಿಧಾನವಾಗಿ ಮೂಲೆಗೆ ತಂದು, ನೀರೊಳಗೇ ಮುಳುಗಿಸಿಟ್ಟ ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿಯೊಳಕ್ಕೆ ಹೋಗುವಂತೆ ಮಾಡಬೇಕು. ನೀರಿನ ಸಮೇತ ಡಬ್ಬಿಯನ್ನು ಎತ್ತಿ ಚಿಕ್ಕ ಟ್ಯಾಂಕಿನಲ್ಲಿ ಮುಳುಗಿಸಿ ಓರೆ ಮಾಡಿದರೆ ತಾಯಿಗೆ ಗಾಳಿಯೇ ತಗಲದಂತೆ ಸ್ಥಳಾಂತರ ಮುಗಿಯುತ್ತದೆ. ಬಲೆಯಲ್ಲಿ ನೀರಿನಿಂದ ಮೇಲೆತ್ತಿದರೆ ಹೆದರಿ ಉಗುಳುವ ಸಾಧ್ಯತೆ ಬಹಳ. ಹಾಗೇನಾದರೂ ಉಗುಳಿದರೆ ತಾಯಿಯನ್ನೂ ಮರಿಗಳನ್ನೂ ಒಂದೇ ಡಬ್ಬಿಯಲ್ಲಿ ಕತ್ತಲಲ್ಲಿ ಅರ್ಧ ಗಂಟೆ ಬಿಟ್ಟು ನೋಡಬೇಕು. ಕೆಲವು ತಾಯಿಯರು ಮತ್ತೆ ಬಾಯಿಗೆ ತೆಗೆದುಕೊಳ್ಳುತ್ತವೆ. ತೆಗೆದುಕೊಳ್ಳದಿದ್ದರೆ ಹಳದಿ ಚೀಲವಿರುವ ಮರಿಗಳನ್ನು ಶುದ್ಧ ನೀರಿನಲ್ಲಿ, ಗಾಳಿಗುಳ್ಳೆಗಳ ಮೆದುವಾದ ಅಲುಗಾಟದಲ್ಲಿ ಇರಿಸಿ ಉಳಿಸಿಕೊಳ್ಳಬಹುದು.

ಚಿಕ್ಕ ಟ್ಯಾಂಕಿನ ಮೂರು ಬದಿಗೆ ಕಾಗದ ಅಂಟಿಸಿ, ದಿನಕ್ಕೊಮ್ಮೆ ಮಾತ್ರ ಇಣುಕಿ ನೋಡಬೇಕು. ಕರೆಂಟಿನ ವಿಷಯದಲ್ಲಿ ಇಲ್ಲಿ ಉದಾಸೀನ ಸಲ್ಲದು. ಒಂದು ಬೇಸಿಗೆಯ ರಾತ್ರಿ ಕರೆಂಟು ಹೋಗಿ, ಬೆಳಗಾಗುವಷ್ಟರಲ್ಲಿ ನಾನು ತಾಯಿಯನ್ನೂ ಇಪ್ಪತ್ತೆರಡು ಮರಿಗಳನ್ನೂ ಕಳೆದುಕೊಂಡೆ. ಅಂದಿನಿಂದ ಬ್ಯಾಟರಿ ಏರ್ ಪಂಪ್ ಇಲ್ಲದೆ ತಾಯಿಯನ್ನು ಸಾಗಿಸಿದ್ದಿಲ್ಲ.

ಮರಿಗಳು ಹೊರಬಂದ ಮೇಲೆ

ಒಂದು ಸೆಂಟಿಮೀಟರಿನಷ್ಟು ಉದ್ದದ ಮರಿಗಳು ಹೊರಬರುತ್ತವೆ. ಚಿಕ್ಕ ವಯಸ್ಸಿನ ತಾಯಿಗೆ ಎಂಟು ಹತ್ತು, ಬಲಿತ ತಾಯಿಗೆ ಇಪ್ಪತ್ತು ಮೂವತ್ತು ಮರಿಗಳಾಗಬಹುದು. ಮೊದಲ ಒಂದೆರಡು ದಿನ ಹೆದರಿಕೆಯಾದಾಗ ತಾಯಿ ಅವನ್ನು ಮತ್ತೆ ಬಾಯೊಳಗೆ ಕರೆದುಕೊಳ್ಳುವುದುಂಟು. ಎಲ್ಲ ಮರಿಗಳೂ ಹೊರಗೇ ಉಳಿಯತೊಡಗಿದ ಮೇಲೆ ತಾಯಿಯನ್ನು ಬೇರ್ಪಡಿಸಬೇಕು. ಹಸಿದ ತಾಯಿಯ ಜೊತೆ ಅವನ್ನು ಬಹಳ ದಿನ ಬಿಡಲಾಗದು.

ತಾಯಿಗೆ ಕೊಡುವ ಮೊದಲ ಊಟ ಅಲ್ಪವಾಗಿರಲಿ. ಬರಿದಾದ ಕರುಳಿಗೆ ಒಮ್ಮೆಲೇ ತುಂಬಿದರೆ ಉಬ್ಬರ ಬರುತ್ತದೆ. ನೆನೆಸಿದ ಕಾಳನ್ನು ದಿನಕ್ಕೆ ಮೂರು ಬಾರಿ ಸ್ವಲ್ಪ ಸ್ವಲ್ಪವಾಗಿ ಕೊಟ್ಟು, ಎರಡು ವಾರ ಏಕಾಂತದಲ್ಲಿ ಇರಿಸಿ, ಹೊಟ್ಟೆ ತುಂಬಿ ಬೆನ್ನು ದುಂಡಾದ ಮೇಲೆ ಗುಂಪಿಗೆ ಸೇರಿಸಬೇಕು. ಇಷ್ಟು ದಿನ ದೂರವಿದ್ದುದರಿಂದ ಗುಂಪಿನಲ್ಲಿ ಅದರ ಸ್ಥಾನ ಹೋಗಿರುತ್ತದೆ. ಆ ದಿನ ದೊಡ್ಡ ಟ್ಯಾಂಕಿನ ಕಲ್ಲುಗಳ ಜೋಡಣೆ ಬದಲಿಸಿ, ರಾತ್ರಿ ದೀಪ ಆರಿಸಿ ಬಿಟ್ಟರೆ ಎಲ್ಲ ಮೀನುಗಳೂ ಹೊಸದಾಗಿ ಜಾಗ ಹುಡುಕಿಕೊಳ್ಳುವ ಗದ್ದಲದಲ್ಲಿ ಇದರ ಮೇಲೆ ಬೀಳುವ ಕಾಟ ಕಡಿಮೆಯಾಗುತ್ತದೆ.

ಮರಿಗಳು ಹೊರಬಂದ ದಿನದಿಂದಲೇ ತಿನ್ನಬಲ್ಲವು. ಕಾಳು ಆಹಾರವನ್ನು ಕಲ್ಬತ್ತಿನಲ್ಲಿ ನುಣ್ಣಗೆ ಅರೆದು ದಿನಕ್ಕೆ ನಾಲ್ಕು ಬಾರಿ ಚಿಟಿಕೆಯಷ್ಟು ಕೊಟ್ಟರೆ ಸಾಕಾಗುತ್ತದೆ. ಬೇಯಿಸಿದ ಮೊಟ್ಟೆಯ ಹಳದಿ ಕೊಡುವ ಹಳೆಯ ಪದ್ಧತಿಯನ್ನು ಬಿಡುವುದೇ ಲೇಸು, ಅದು ನೀರನ್ನು ಗಂಟೆಗಳಲ್ಲಿ ಕೆಡಿಸುತ್ತದೆ. ಬೆಳವಣಿಗೆ ಚುರುಕಾಗಬೇಕೆಂದರೆ ಆಗ ತಾನೆ ಒಡೆದ ಆರ್ಟೀಮಿಯಾಕ್ಕೆ ಸಮನಾದದ್ದು ಬೇರೊಂದಿಲ್ಲ. ಒಂದು ಲೀಟರ್ ನೀರಿಗೆ 25 ಗ್ರಾಂ ಕಲ್ಲುಪ್ಪು ಕರಗಿಸಿ, ತಳ ಕತ್ತರಿಸಿ ತಲೆಕೆಳಗಾಗಿ ನಿಲ್ಲಿಸಿದ ಬಾಟಲಿಗೆ ಸುರಿದು, ಪುಡಿಯಂತೆ ಕಾಣುವ ಆರ್ಟೀಮಿಯಾದ ಒಣ ಮೊಟ್ಟೆಗಳನ್ನು ಅರ್ಧ ಚಮಚ ಹಾಕಿ, 26ರಿಂದ 28 ಡಿಗ್ರಿಯಲ್ಲಿ ಬೆಳಕಿನಡಿ ಜೋರಾಗಿ ಗಾಳಿ ಬಿಟ್ಟರೆ 24ರಿಂದ 36 ಗಂಟೆಗಳಲ್ಲಿ ಅವು ಒಡೆಯುತ್ತವೆ. ಗಾಳಿ ನಿಲ್ಲಿಸಿ ಹತ್ತು ನಿಮಿಷ ಬಿಟ್ಟಾಗ ಸಿಪ್ಪೆ ಮೇಲೆ ತೇಲುತ್ತದೆ, ಕಿತ್ತಳೆ ಬಣ್ಣದ ಜೀವಿಗಳು ಬೆಳಕಿನ ಕಡೆ ಗುಂಪಾಗುತ್ತವೆ. ಅವನ್ನು ಕೊಳವೆಯಿಂದ ಎಳೆದು, ತೆಳುಬಟ್ಟೆಯಲ್ಲಿ ಸೋಸಿ, ಸಿಹಿನೀರಿನಲ್ಲಿ ತೊಳೆದು ಕೊಡಬೇಕು. ಸಿಪ್ಪೆ ಸೇರದಂತೆ ನೋಡಿಕೊಳ್ಳಬೇಕು, ಅದು ಮರಿಗಳಿಗೆ ಜೀರ್ಣವಾಗುವುದಿಲ್ಲ.

ಎರಡು ಮೂರು ದಿನಕ್ಕೊಮ್ಮೆ ಐದನೆಯ ಒಂದು ಭಾಗ ನೀರನ್ನು ತೆಳು ಕೊಳವೆಯಿಂದ ತಳದ ಕಸದೊಂದಿಗೆ ತೆಗೆದು, ಅದೇ ಉಷ್ಣತೆಯ, ಅದೇ ಪಿಎಚ್‌ನ ನೀರನ್ನು ನಿಧಾನವಾಗಿ ತುಂಬಬೇಕು. ಆಹಾರ ಹೆಚ್ಚಿಸಿದಷ್ಟೂ ನೀರು ಬದಲಿಸುವುದನ್ನೂ ಹೆಚ್ಚಿಸಬೇಕು. ಹೀಗೆ ಸಾಕಿದರೆ ಎರಡು ಮೂರು ತಿಂಗಳಲ್ಲಿ ಮರಿಗಳು ಎರಡೂವರೆ ಸೆಂಟಿಮೀಟರ್ ದಾಟುತ್ತವೆ. ಆ ಹಂತದಲ್ಲಿ ಬೆನ್ನಿನ ಪಟ್ಟಿಯನ್ನೂ ಮೈಬಣ್ಣವನ್ನೂ ಒಂದೊಂದಾಗಿ ಪರೀಕ್ಷಿಸಿ, ಬೆನ್ನು ಡೊಂಕಾದವು, ದವಡೆ ಓರೆಯಾದವು, ಗೆರೆ ತೋರುವವು ಯಾವುವೆಂದು ಗುರುತಿಸಿ ಬೇರೆ ಇಡಬೇಕು. ಅವನ್ನು ಸಾಕಬಹುದು, ಮರಿ ಮಾಡಿಸಲು ಯಾರಿಗೂ ಕೊಡಬಾರದು.

ಹೆಚ್ಚಾದ ಮರಿಗಳನ್ನು ಕೆರೆಗೋ ಬಾವಿಗೋ ಬಿಡುವ ಯೋಚನೆ ಎಂದಿಗೂ ಬೇಡ. ಬಾಯಲ್ಲಿ ಮರಿ ಕಾಯುವ ಮೀನು ಹೊಸ ನೀರಿನಲ್ಲಿ ಎಷ್ಟು ಬೇಗ ಬೇರೂರುತ್ತದೆ ಎಂಬುದಕ್ಕೆ ನಮ್ಮ ಕೆರೆಗಳ ಜಿಲೇಬಿಯೇ ಸಾಕ್ಷಿಯಾಗಿದೆ. ಮರಿಗಳನ್ನು ಸಾಕುವವರಿಗೆ ಅಥವಾ ಅಂಗಡಿಗೆ ಕೊಡುವುದಾದರೆ, ಕೊಡುವ ಹಿಂದಿನ ದಿನ ಆಹಾರ ನಿಲ್ಲಿಸಿ, ಚೀಲದ ಮೂರನೆಯ ಒಂದು ಭಾಗ ನೀರು, ಉಳಿದದ್ದು ಗಾಳಿ ಇರುವಂತೆ ಕಟ್ಟಿ, ಜಾತಿಯ ಹೆಸರು, ಹುಟ್ಟಿದ ದಿನಾಂಕ, ನಿಮ್ಮ ಟ್ಯಾಂಕಿನ ಪಿಎಚ್ ಮತ್ತು ಉಷ್ಣತೆಯನ್ನು ಬರೆದ ಚೀಟಿಯನ್ನು ಚೀಲಕ್ಕೆ ಅಂಟಿಸಿ ಕೊಡಿ. ಒಂದೇ ತಾಯಿಯ ಮರಿಗಳು ಮುಂದೆ ತಮ್ಮತಮ್ಮಲ್ಲೇ ಕೂಡುವುದನ್ನು ತಪ್ಪಿಸಲು, ಪ್ರತಿ ತಾಯಿಯ ಮರಿಗಳನ್ನು ಬೇರೆ ಬೇರೆ ಚೀಲದಲ್ಲಿ ಕಟ್ಟಿ, ನೋಟ್‌ಬುಕ್ಕಿನಲ್ಲಿರುವ ತಾಯಿಯ ಗುರುತನ್ನೂ ಆ ಚೀಟಿಯಲ್ಲಿ ಸೇರಿಸಿ.